ಕಾಕಾನ ತೊಗರಿ, ಕೆನಡಾದ ಗಾಂಜಾ: ಎರಡರ ಬೇರಿಗೂ ಒಂದೇ ಶಿಲೀಂಧ್ರ

ಮೇ ಕೊನೆಯ ವಾರ ಕೊಳಕೂರಕ್ಕೆ ಹೋದಾಗ ಕಾಕಾ ಒಳಗಿಂದ ನಾಲ್ಕು ಕೆಜಿಯ ಒಂದು ಚೀಲ ತಂದು ನನ್ನ ಮುಂದೆ ಇಟ್ಟರು. ಚೀಲದ ಮೇಲೆ ಹಸಿರು ಗಿಡ, ಅದರ ಬುಡದಲ್ಲಿ ಬಿಳಿ ಜೇಡರಬಲೆಯಂಥ ಬೇರು, ದಪ್ಪಕ್ಷರದಲ್ಲಿ 'ಮೈಕೋರೈಜಾ'. 'ಇಂಜಿನಿಯರ್ ಓದೀದಿ, ಈಗ ಪೇಪರ್‌ನಾಗ ಬರೀತಿ. ಇದರಾಗ ಏನ್ ಅದ ಅಂತ ನೋಡಿ ಹೇಳು ತಮ್ಮಾ. ಎಂಟುನೂರು ರೂಪಾಯಿ ಕೊಟ್ಟೀನಿ. ಹೋದ ಸಲದಂಗ ನೆಟಿ ಹತ್ತಂಗಿಲ್ಲ ಅಂತ ಅಂಗಡ್ಯಾವ ಹೇಳ್ಯಾನ.'

ನಾನು ಓದಿದ್ದು ಎಲೆಕ್ಟ್ರಾನಿಕ್ಸ್. ಬೇರಿನ ವಿಷಯ ನನಗೇನು ಗೊತ್ತು? ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ, ಫೋನ್ ತೆಗೆದು ಹುಡುಕಿದೆ. ಈ ಪುಡಿಯನ್ನು ಎಷ್ಟು ಹಾಕಬೇಕು, ಯಾವಾಗ ಹಾಕಬೇಕು, ಬೇರಿಗೆ ತಾಗಬೇಕೋ ಬೇಡವೋ ಅಂತ ಅತಿ ವಿವರವಾಗಿ, ಅತಿ ಹುರುಪಿನಿಂದ ಬರೆದವರೆಲ್ಲ ಗಾಂಜಾ ಬೆಳೆಗಾರರು. 2018ರ ಅಕ್ಟೋಬರಿನಲ್ಲಿ ಕಾನೂನು ಬದಲಾದ ಮೇಲೆ ಕೆನಡಾದಲ್ಲಿ ಮನೆಯಲ್ಲೇ ಕುಂಡದಲ್ಲಿ ಗಾಂಜಾ ಬೆಳೆಯುವವರು ಹೆಚ್ಚಿದ್ದಾರೆ, ಅಮೆರಿಕದ ಹಲವು ರಾಜ್ಯಗಳಲ್ಲೂ ಹಾಗೇ. ಕಾಕಾನ ಎದುರು ಇದನ್ನು ಹೇಗೆ ಹೇಳುವುದು ಅಂತ ಒಂದು ಕ್ಷಣ ತಡವರಿಸಿದೆ. ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಕಡೆ ತೊಗರಿ ಸಾಲಿನ ನಡುವೆ ಗಾಂಜಾ ಗಿಡ ಸಿಕ್ಕಿತು ಅಂದ್ರೆ ಅದು ಕೃಷಿ ಸುದ್ದಿ ಅಲ್ಲ, ಅಪರಾಧ ಸುದ್ದಿ. 1985ರ ಎನ್‌ಡಿಪಿಎಸ್ ಕಾಯ್ದೆಯ ಕಲಂ 20ರ ಪ್ರಕಾರ ಗಿಡ ಬೆಳೆದವನಿಗೆ 10 ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಆದ್ದರಿಂದ ಗಾಂಜಾ ಬೆಳೆಯುವ ಪಾಠ ಈ ಬರಹದಲ್ಲಿಲ್ಲ. ಆದರೆ ಆ ಗಿಡದ ಬೇರಿಗೆ ಅಂಟುವ ಶಿಲೀಂಧ್ರವೇ ತೊಗರಿ ಬೇರಿಗೂ ಅಂಟುತ್ತದೆ. ಕುಂಡದ ಗಾಂಜಾಕ್ಕೆ ಹೇಳಿದ ಮಾತನ್ನು ಕಂಪನಿಗಳು ಎರಿ ಹೊಲದ ತೊಗರಿಗೆ ಮಾರುತ್ತಿವೆ ಅನ್ನುವುದು ನನ್ನ ತಕರಾರು. ಅದನ್ನು ವಿವರಿಸೋದಕ್ಕೆ ಮೊದಲು ಈ ಶಿಲೀಂಧ್ರ ಅಂದ್ರೆ ಏನು ಅಂತ ನೋಡಬೇಕು.

ಬೇರಿನ ಒಳಗೊಂದು ಬಾಡಿಗೆದಾರ

1885ರಲ್ಲಿ ಜರ್ಮನಿಯ ಸಸ್ಯವಿಜ್ಞಾನಿ ಆಲ್ಬರ್ಟ್ ಬರ್ನ್‌ಹಾರ್ಡ್ ಫ್ರಾಂಕ್ 'ಮೈಕೋರೈಜಾ' ಅನ್ನುವ ಪದ ಕಟ್ಟಿದರು. ಗ್ರೀಕಿನಲ್ಲಿ ಮೈಕೋ ಅಂದ್ರೆ ಶಿಲೀಂಧ್ರ, ರೈಜಾ ಅಂದ್ರೆ ಬೇರು. ಪ್ರಷ್ಯಾದ ಸರ್ಕಾರ ಅವರಿಗೆ ಒಪ್ಪಿಸಿದ್ದ ಕೆಲಸ ಟ್ರಫಲ್ ಅನ್ನುವ ದುಬಾರಿ ಅಣಬೆಯನ್ನು ಬೆಳೆಸಲು ಸಾಧ್ಯವೇ ಅಂತ ನೋಡುವುದು. ಅಣಬೆ ಬೆಳೆಸುವ ದಾರಿ ಸಿಗಲಿಲ್ಲ, ಮರದ ಬೇರಿಗೆ ಶಿಲೀಂಧ್ರ ಸುತ್ತಿಕೊಂಡು ಬದುಕುತ್ತದೆ ಅನ್ನುವ ಸಂಗತಿ ಸಿಕ್ಕಿತು. ಮಣ್ಣಿನಲ್ಲಿರುವ ಶಿಲೀಂಧ್ರ ಅಂದ್ರೆ ರೋಗ ಅಂತಲೇ ತಿಳಿದಿದ್ದ ಕಾಲ ಅದು. ಫ್ರಾಂಕ್ ಇದು ಕೊಡುಕೊಳ್ಳುವ ಸಂಬಂಧ ಅಂದಾಗ ಬಹಳ ಜನ ನಂಬಲಿಲ್ಲ.

ನಮ್ಮ ಬೆಳೆಗಳಿಗೆ ಸಂಬಂಧಪಟ್ಟದ್ದು ಇದರ ಇನ್ನೊಂದು ಬಗೆ. ಇದು ಬೇರಿನ ಹೊರಗೆ ಸುತ್ತುವುದಿಲ್ಲ, ಬೇರಿನ ಜೀವಕೋಶದ ಒಳಗೇ ಹೊಕ್ಕು ಪುಟ್ಟ ಮರದ ಹಾಗೆ ಕವಲೊಡೆಯುತ್ತದೆ. ಆ ಕವಲುಗಳಿಂದಾಗಿ ಆರ್ಬಸ್ಕ್ಯುಲರ್ ಮೈಕೋರೈಜಾ ಅನ್ನುವ ಹೆಸರು. ಗೊಬ್ಬರದ ಅಂಗಡಿಯಲ್ಲಿ 'ವ್ಯಾಮ್' ಅಂತ ಕೇಳಿದರೆ ಕೊಡುವುದು ಇದನ್ನೇ. ಸ್ಕಾಟ್‌ಲೆಂಡಿನ ರೈನಿ ಅನ್ನುವಲ್ಲಿ ಸಿಕ್ಕ 40 ಕೋಟಿ ವರ್ಷಗಳಿಗೂ ಹಳೆಯ ಸಸ್ಯ ಪಳೆಯುಳಿಕೆಗಳ ಒಳಗೂ ಇದೇ ಕವಲುಗಳಿವೆ. ಆಗ ಗಿಡಗಳಿಗೆ ಸರಿಯಾದ ಬೇರೇ ಇರಲಿಲ್ಲ. ಇವತ್ತು ನೆಲದ ಮೇಲಿನ ಸಸ್ಯ ಪ್ರಭೇದಗಳಲ್ಲಿ ಸುಮಾರು ಶೇ 70ರಷ್ಟು ಈ ಶಿಲೀಂಧ್ರದ ಜೊತೆ ಸಂಸಾರ ಮಾಡುತ್ತವೆ. ತೊಗರಿ, ಜೋಳ, ಹತ್ತಿ, ಕಬ್ಬು, ಕುಸುಬಿ, ಸೂರ್ಯಕಾಂತಿ, ಕಡಲೆ ಎಲ್ಲವೂ ಆ ಪಟ್ಟಿಯಲ್ಲಿವೆ. ಸಾಸಿವೆ, ಎಲೆಕೋಸು, ಪಾಲಕ್, ರಾಜಗಿರಿ ಇಲ್ಲ. ಸಾಸಿವೆಗೆ ವ್ಯಾಮ್ ಹಾಕಿದರೆ ದುಡ್ಡು ಮಣ್ಣಿಗೆ ಹಾಕಿದಂಗೆ.

ವ್ಯವಹಾರ ಸರಳ. ಗಿಡ ಬಿಸಿಲಲ್ಲಿ ತಯಾರಿಸಿದ ಸಕ್ಕರೆ ಮತ್ತು ಕೊಬ್ಬಿನಲ್ಲಿ ಒಂದು ಪಾಲನ್ನು ಶಿಲೀಂಧ್ರಕ್ಕೆ ಕೊಡುತ್ತದೆ. ಆ ಪಾಲು ಶೇ 4ರಿಂದ 20ರವರೆಗೂ ಇರಬಹುದು ಅನ್ನುತ್ತವೆ ಅಂದಾಜುಗಳು. ಇದು ಸಣ್ಣ ಬಾಡಿಗೆ ಅಲ್ಲ. ಅದಕ್ಕೆ ಬದಲಾಗಿ ಶಿಲೀಂಧ್ರದ ತಂತುಗಳು ಬೇರಿನಿಂದ ಕೆಲವು ಸೆಂಟಿಮೀಟರ್ ಆಚೆ ಹೋಗಿ ರಂಜಕ, ಸತು, ತಾಮ್ರ ತರುತ್ತವೆ. ತಂತುವಿನ ದಪ್ಪ ಮಿಲಿಮೀಟರಿನ ಸಾವಿರದಲ್ಲಿ ಎರಡರಿಂದ ಹತ್ತು ಭಾಗ ಮಾತ್ರ. ಬೇರಿನ ರೋಮ ಹೋಗಲಾರದ ಎರಿ ಮಣ್ಣಿನ ಸಂದಿಯಲ್ಲಿ ಇದು ಹೋಗುತ್ತದೆ.

ರಂಜಕಕ್ಕೆ ಇಷ್ಟು ಸಾಹಸ ಯಾಕೆ ಬೇಕು? ಸಾರಜನಕದ ನೈಟ್ರೇಟ್ ನೀರಿನ ಜೊತೆ ಹರಿದು ಬರುತ್ತದೆ, ರಂಜಕ ಕೂತಲ್ಲೇ ಕೂತಿರುತ್ತದೆ. ಬೇರು ತನ್ನ ಸುತ್ತಲಿನ ಒಂದೆರಡು ಮಿಲಿಮೀಟರ್‌ನಲ್ಲಿದ್ದದ್ದನ್ನು ತಿಂದು ಮುಗಿಸಿದ ಮೇಲೆ ಅಲ್ಲೊಂದು ಖಾಲಿ ಉಂಗುರ ಉಳಿಯುತ್ತದೆ. ಅದರಲ್ಲೂ ನಮ್ಮ ಸುಣ್ಣದ ಕಲ್ಲಿನ ಎರಿ ಹೊಲದಲ್ಲಿ, ರಸಸಾರ 8ರ ಮೇಲೆ ಇರುವಲ್ಲಿ, ಡಿಎಪಿ ಹಾಕಿದ ಸ್ವಲ್ಪ ದಿನಕ್ಕೇ ಅದರ ರಂಜಕ ಕ್ಯಾಲ್ಸಿಯಂ ಜೊತೆ ಗಂಟು ಬೀಳುತ್ತದೆ. ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್‌ನಲ್ಲಿ ಕೆಲಸ ಮಾಡಿದ ಜಪಾನಿ ವಿಜ್ಞಾನಿಗಳ ತಂಡ 1990ರಲ್ಲಿ ಒಂದು ಚಂದದ ಸಂಗತಿ ಪ್ರಕಟಿಸಿತು: ತೊಗರಿ ಬೇರು ಪಿಸಿಡಿಕ್ ಆಮ್ಲ ಅನ್ನುವುದನ್ನು ಸ್ರವಿಸಿ ಕಬ್ಬಿಣದ ಜೊತೆ ಗಂಟುಬಿದ್ದ ರಂಜಕವನ್ನು ಬಿಡಿಸಿಕೊಳ್ಳುತ್ತದೆ. ಆದರೆ ಕಬ್ಬಿಣದ ಗಂಟು ಹೆಚ್ಚಿರುವುದು ಮಸಾರಿ ಹೊಲದಲ್ಲಿ. ಎರಿ ಹೊಲದಲ್ಲಿರುವುದು ಸುಣ್ಣದ ಗಂಟು. ಅಲ್ಲಿ ತೊಗರಿ ಶಿಲೀಂಧ್ರದ ಮೇಲೆ ಹೆಚ್ಚು ಅವಲಂಬಿಸಬೇಕಾಗುತ್ತದೆ. ರಂಜಕ ಸಿಕ್ಕರೆ ಬೇರಿನ ಗಂಟುಗಳಲ್ಲಿರುವ ರೈಜೋಬಿಯಂಗೂ ಶಕ್ತಿ ಬರುತ್ತದೆ, ಗಾಳಿಯ ಸಾರಜನಕ ಹಿಡಿಯುವ ಕೆಲಸ ನಡೆಯುತ್ತದೆ.

ಕರ್ನಾಟಕದಲ್ಲಿ ಈ ವಿಷಯಕ್ಕೆ ಒಂದು ಇತಿಹಾಸವೇ ಇದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಡಿ.ಜೆ. ಬಾಗ್ಯರಾಜ್ ದಶಕಗಳಿಂದ ಇದರ ಮೇಲೆಯೇ ಕೆಲಸ ಮಾಡಿದವರು, 1984ರಲ್ಲಿ ಪೊವೆಲ್ ಜೊತೆ ಸೇರಿ ಅವರು ಸಂಪಾದಿಸಿದ ವಿಎ ಮೈಕೋರೈಜಾ ಪುಸ್ತಕ ಈ ಕ್ಷೇತ್ರದವರಿಗೆಲ್ಲ ಗೊತ್ತು. ಅಂದ್ರೆ ನಮಗಿದು ಹೊರಗಿನ ಜ್ಞಾನವಲ್ಲ, ಹೊಲದ ತನಕ ಬರದೇ ಇದ್ದ ಜ್ಞಾನ.

ನೂರು ಮತ್ತು ಒಂದು ಲಕ್ಷ ಎಂಬತ್ತು ಸಾವಿರ

ಈಗ ಕಾಕಾನ ಚೀಲಕ್ಕೆ ಬರೋಣ. ಲೆಕ್ಕ ನನಗೆ ಬರುತ್ತದೆ, ಅಷ್ಟರ ಮಟ್ಟಿಗೆ ಇಂಜಿನಿಯರಿಂಗ್ ಉಪಯೋಗಕ್ಕೆ ಬಂತು.

ಮೈಕೋರೈಜಾ ಜೈವಿಕ ಗೊಬ್ಬರ, ಹಾಗಾಗಿ 1985ರ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ಬರುತ್ತದೆ. ಆ ಆದೇಶದ ಮಾನದಂಡದ ಪ್ರಕಾರ ಒಂದು ಗ್ರಾಂ ಪುಡಿಯಲ್ಲಿ ಕನಿಷ್ಠ 100 ಜೀವಂತ ಕಣಗಳಿರಬೇಕು. ಕಣ ಅಂದ್ರೆ ಬೀಜಕ, ತಂತುವಿನ ತುಣುಕು, ಶಿಲೀಂಧ್ರ ಹೊಕ್ಕ ಬೇರಿನ ಚೂರು, ಹೊಸ ಬೇರಿಗೆ ಹತ್ತಬಲ್ಲ ಯಾವುದೇ ಆಗಬಹುದು. ನಾಲ್ಕು ಕೆಜಿಯಲ್ಲಿ ನಾಲ್ಕು ಲಕ್ಷ ಕಣ. ಕೇಳೋದಕ್ಕೆ ಭಾರಿ ಅನ್ನಿಸುತ್ತದೆ. ಒಂದು ಎಕರೆ ಅಂದ್ರೆ ಸುಮಾರು 4,047 ಚದರ ಮೀಟರ್. ಭಾಗಿಸಿದರೆ ಚದರ ಮೀಟರಿಗೆ ಹತ್ತಿರ ಹತ್ತಿರ ನೂರು.

ಅದೇ ಒಂದು ಚದರ ಮೀಟರಿನಲ್ಲಿ ಮೇಲಿನ 15 ಸೆಂಟಿಮೀಟರ್ ಮಣ್ಣು ತೆಗೆದು ತೂಕ ಹಾಕಿದರೆ ಸುಮಾರು 180 ಕೆಜಿ ಆಗುತ್ತದೆ. ಬೆಳೆ ಬೆಳೆಯುವ ಹೊಲದ ಮಣ್ಣಿನಲ್ಲಿ ಗ್ರಾಮಿಗೆ ಒಂದೇ ಒಂದು ಬೀಜಕ ಇದೆ ಅಂತ ಇಟ್ಟುಕೊಳ್ಳಿ. ಆಗಲೂ ಅಲ್ಲಿ ಮೊದಲೇ ಇರುವುದು 1,80,000. ಚೀಲದಿಂದ ಬರುವುದು 100. ಎಂಟುನೂರು ರೂಪಾಯಿ ಕೊಟ್ಟು ಕಾಕಾ ತಂದದ್ದು ಕೆರೆಗೆ ಒಂದು ತಂಬಿಗೆ ನೀರು.

ಪುಡಿಯನ್ನು ಹೊಲದ ತುಂಬ ಎರಚದೆ ಕೂರಗಿಯಲ್ಲಿ ಬೀಜದ ಕೆಳಗೇ ಬೀಳಿಸಿದರೆ ಲೆಕ್ಕ ಸ್ವಲ್ಪ ಸುಧಾರಿಸುತ್ತದೆ ಅನ್ನುವುದು ನಿಜ. ಮೂರು ಅಡಿ ಸಾಲು, ಎಂಟು ಇಂಚು ಅಂತರ ಹಿಡಿದರೆ ಗಿಡವೊಂದಕ್ಕೆ ಹದಿನೆಂಟೋ ಇಪ್ಪತ್ತೋ ಕಣ ಸಿಗುತ್ತವೆ. ಮೊಳಕೆಯ ಬೇರಿಗೆ ಮೊದಲು ತಾಗುವವು ಅವೇ ಆಗಬಹುದು. ಆದರೆ ಅದಕ್ಕೆ ಅವು ಬದುಕಿರಬೇಕು. ಈ ಶಿಲೀಂಧ್ರವನ್ನು ಮೊಸರಿಗೆ ಹೆಪ್ಪು ಹಾಕಿದಂಗೆ ಡಬ್ಬಿಯಲ್ಲಿ ಬೆಳೆಸಲು ಬರುವುದಿಲ್ಲ, ಜೀವಂತ ಬೇರು ಬೇಕೇ ಬೇಕು. ದೆಹಲಿಯ ಟೆರಿ ಸಂಸ್ಥೆ ಗಜ್ಜರಿ ಬೇರನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಅದರ ಮೇಲೆ ಶಿಲೀಂಧ್ರ ಬೆಳೆಸುವ ತಂತ್ರ ರೂಢಿಸಿದೆ, ಹಲವರು ಜೋಳ, ಮೆಕ್ಕೆಜೋಳದ ಬೇರಿನ ಮೇಲೆ ಬೆಳೆಸುತ್ತಾರೆ. ಹೀಗೆ ಕಷ್ಟಪಟ್ಟು ತಯಾರಾದ ಮಾಲು ಏಪ್ರಿಲ್ ಮೇ ಬಿಸಿಲಲ್ಲಿ ತಗಡಿನ ಗೋದಾಮಿನೊಳಗೆ ಕೂತರೆ ಎಷ್ಟು ಉಳಿಯುತ್ತದೆ? ಹೊರದೇಶಗಳಲ್ಲಿ ಮಾರುಕಟ್ಟೆಯ ಪುಡಿಗಳನ್ನು ತಂದು ಶುದ್ಧ ಮಣ್ಣಿನಲ್ಲಿ ಪರೀಕ್ಷಿಸಿದಾಗ ಬಹಳಷ್ಟು ಪುಡಿಗಳು ಬೇರಿಗೆ ಹತ್ತಿಕೊಳ್ಳಲೇ ಇಲ್ಲ. ಕಾಕಾನ ಚೀಲ ತಿರುಗಿಸಿ ನೋಡಿದೆ. ತಯಾರಾದ ತಿಂಗಳು ಮಳೆಗೆ ನೆನೆದು ಅಳಿಸಿಹೋಗಿತ್ತು. ಗ್ರಾಮಿಗೆ ಎಷ್ಟು ಕಣ ಅನ್ನುವ ಸಾಲು ಇರಲೇ ಇಲ್ಲ. ಹ್ಯೂಮಿಕ್, ಸಮುದ್ರ ಪಾಚಿ, ಅಮೈನೋ ಆಮ್ಲ ಅಂತ ಉಳಿದದ್ದೆಲ್ಲ ಇತ್ತು.

ಹಾಗಾದರೆ ಕೆನಡಾದವರು ಸುಳ್ಳು ಹೇಳುತ್ತಾರಾ? ಇಲ್ಲ. ಅವರು ಬೆಳೆಯುವುದು ಕುಂಡದಲ್ಲಿ, ತೆಂಗಿನ ನಾರಿನ ಪುಡಿಯಲ್ಲೋ ಪೀಟ್‌ನಲ್ಲೋ. ಅದರಲ್ಲಿ ಈ ಶಿಲೀಂಧ್ರ ಇರುವುದೇ ಇಲ್ಲ ಅನ್ನಬಹುದು. ಅಲ್ಲಿ ಪುಡಿ ಹಾಕಿದರೆ ಸೊನ್ನೆಯಿಂದ ಐನೂರಕ್ಕೆ ಹೋಗುತ್ತದೆ. ನಮ್ಮ ಹೊಲದಲ್ಲಿ ಲಕ್ಷಕ್ಕೆ ನೂರು ಸೇರುತ್ತದೆ. ಗಿಡ ಬೇರೆ ಅನ್ನುವುದು ಇಲ್ಲಿ ಮುಖ್ಯವೇ ಅಲ್ಲ. ಕುಂಡ ಬೇರೆ, ಹೊಲ ಬೇರೆ.

ಆದರೂ ಕಾಕಾನ ಆಸೆ ಪೂರ್ತಿ ಹುಸಿ ಅಲ್ಲ ಅನ್ನಿಸುವ ಒಂದು ಅಧ್ಯಯನ ಇದೆ. ಸ್ವಿಟ್ಜರ್ಲೆಂಡಿನ ಸಂಶೋಧಕರು ರೈತರ 54 ಮೆಕ್ಕೆಜೋಳದ ಹೊಲಗಳಲ್ಲಿ ಮೈಕೋರೈಜಾ ಹಾಕಿ ನೋಡಿ 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲವು ಹೊಲದಲ್ಲಿ ಬೆಳವಣಿಗೆ ಶೇ 40ರಷ್ಟು ಏರಿತು, ಕೆಲವು ಕಡೆ ಶೇ 12ರಷ್ಟು ಇಳಿಯಿತು, ಸ್ಪಷ್ಟ ಲಾಭ ಕಂಡದ್ದು ಸುಮಾರು ಕಾಲು ಭಾಗ ಹೊಲಗಳಲ್ಲಿ. ಯಾವ ಹೊಲಕ್ಕೆ ಲಾಭ ಅಂತ ಮೊದಲೇ ಊಹಿಸಲು ಸಾಧ್ಯವೇ ಅಂತ ನೋಡಿದಾಗ, ಮಣ್ಣಿನ ರಂಜಕಕ್ಕಿಂತ ಹೆಚ್ಚು ಸುಳಿವು ಕೊಟ್ಟದ್ದು ರೋಗಕಾರಕ ಶಿಲೀಂಧ್ರಗಳು. ಅವು ಹೆಚ್ಚಿದ್ದ ಮಣ್ಣಿನಲ್ಲಿ ಮೈಕೋರೈಜಾ ಹೆಚ್ಚು ಉಪಕಾರ ಮಾಡಿತ್ತು. ಅದು ಸ್ವಿಟ್ಜರ್ಲೆಂಡ್, ಅದು ಮೆಕ್ಕೆಜೋಳ. ನೆಟೆ ಹತ್ತಿದ ಜೇವರ್ಗಿಯ ತೊಗರಿಗೆ ಅದನ್ನು ನೇರವಾಗಿ ಅನ್ವಯಿಸಲಾಗದು. ಆದರೆ ರಾಯಚೂರು ಕೃಷಿ ವಿಶ್ವವಿದ್ಯಾಲಯ ನಮ್ಮ ನೆಟೆ ಹೊಲಗಳಲ್ಲಿ ಮಾಡಿನೋಡಬೇಕಾದ ಪ್ರಯೋಗ ಯಾವುದು ಅಂತ ಯಾರಾದರೂ ನನ್ನನ್ನು ಕೇಳಿದರೆ ಇದನ್ನೇ ಹೇಳುತ್ತೇನೆ.

ನೆಟೆ: ಇನ್ನೊಂದು ಶಿಲೀಂಧ್ರ

ಕಾಕಾನಿಗೆ ಬೇಕಿದ್ದದ್ದು ರಂಜಕವಲ್ಲ, ನೆಟೆಯಿಂದ ಬಿಡುಗಡೆ. 2022ರ ಮುಂಗಾರಿನ ತೊಗರಿ ಕಾಯಿಕಟ್ಟುವ ಹೊತ್ತಿಗೆ ನಿಂತಲ್ಲೇ ಒಣಗಿತು. ಕಲಬುರಗಿ ಸುತ್ತಲಿನ ಜಿಲ್ಲೆಗಳಲ್ಲಿ ಪ್ರತಿಭಟನೆಗಳಾದ ಮೇಲೆ ಸರ್ಕಾರ ಹೆಕ್ಟೇರಿಗೆ 10,000 ರೂಪಾಯಿ ಪರಿಹಾರ ಘೋಷಿಸಿತು. ಎಕರೆಗೆ ನಾಲ್ಕು ಸಾವಿರ. ಬಿತ್ತನೆ ಖರ್ಚೂ ಅಲ್ಲ.

ನೆಟೆಗೆ ಕಾರಣ ಫ್ಯುಸೇರಿಯಂ ಉಡಂ ಅನ್ನುವ ಮಣ್ಣಿನ ಶಿಲೀಂಧ್ರ. ಬ್ರಿಟಿಷ್ ಕಾಲದಲ್ಲಿ ಭಾರತದಲ್ಲೇ ಇದನ್ನು ಗುರುತಿಸಿ ವಿವರಿಸಿದವರು ಇ.ಜೆ. ಬಟ್ಲರ್. ಬೇರಿನ ಮೂಲಕ ಹೊಕ್ಕು ನೀರು ಸಾಗಿಸುವ ಕೊಳವೆಗಳನ್ನು ಕಟ್ಟಿಹಾಕುತ್ತದೆ. ಗಿಡದ ಕೊಳೆ, ಕೂಳೆಯಲ್ಲಿ ಮೂರು ವರ್ಷದವರೆಗೂ ಬದುಕಿರಬಲ್ಲದು. ಗಿಡ ಒಣಗಿದ್ದೆಲ್ಲ ನೆಟೆ ಅಲ್ಲ ಅನ್ನುವುದನ್ನೂ ಇಲ್ಲೇ ಹೇಳಬೇಕು, ಯಾಕಂದ್ರೆ ಔಷಧಿ ತಪ್ಪುವುದು ಇಲ್ಲಿಯೇ. ಕಾಂಡವನ್ನು ಉದ್ದಕ್ಕೆ ಸೀಳಿ ತೊಗಟೆಯ ಕೆಳಗೆ ಕಂದು ಅಥವಾ ಕಪ್ಪು ಗೆರೆ ಕಂಡರೆ, ಹೊರಗೆ ಬುಡದಿಂದ ಮೇಲಕ್ಕೆ ನೇರಳೆ ಪಟ್ಟಿ ಏರಿದ್ದರೆ ಅದು ನೆಟೆ. ಬೇರಿನ ಸಿಪ್ಪೆ ಪುಡಿಪುಡಿಯಾಗಿ ಕಿತ್ತು ಬಂದು ಅದರ ಮೇಲೆ ಸಾಸಿವೆಗಿಂತ ಸಣ್ಣ ಕರಿ ಚುಕ್ಕೆಗಳಿದ್ದರೆ ಅದು ಒಣ ಬೇರು ಕೊಳೆ, ತೇವ ಆರಿ ಬಿಸಿಲು ಏರಿದಾಗ ಬರುತ್ತದೆ. ನೀರು ನಿಂತ ಜಾಗದಲ್ಲಿ ನೆಲದ ಮಟ್ಟಕ್ಕೆ ಕಾಂಡ ಕಂದಾಗಿ ಗಿಡ ಮುರಿದು ಬಿದ್ದರೆ ಫೈಟಾಪ್ತೋರಾ. ಮೂರಕ್ಕೂ ಊರಲ್ಲಿ ಒಂದೇ ಹೆಸರು.

ನೆಟೆಗೆ ಎದುರಾಗಿ ಬಳಸುವ ಉಪಕಾರಿ ಶಿಲೀಂಧ್ರ ಮೈಕೋರೈಜಾ ಅಲ್ಲ, ಟ್ರೈಕೋಡರ್ಮಾ. ಎರಡನ್ನೂ ಒಂದೇ ಕಪಾಟಿನಲ್ಲಿ ಇಟ್ಟು 'ಜೈವಿಕ' ಅಂತ ಮಾರುವುದರಿಂದ ಗೊಂದಲ. ಟ್ರೈಕೋಡರ್ಮಾ ಬೇರಿನೊಳಗೆ ಸಂಸಾರ ಹೂಡುವುದಿಲ್ಲ. ಬೇರಿನ ಸುತ್ತ ಬೆಳೆದು ಇತರ ಶಿಲೀಂಧ್ರಗಳ ಮೇಲೆ ಸುತ್ತಿಕೊಂಡು, ಅವುಗಳ ಗೋಡೆ ಕರಗಿಸಿ ತಿನ್ನುತ್ತದೆ. ಕೊಳೆತ ಸಗಣಿ ಗೊಬ್ಬರದಲ್ಲಿ ಸುಲಭವಾಗಿ ಹೆಚ್ಚುತ್ತದೆ. ಕಾನೂನೂ ಬೇರೆ: ರೋಗಕ್ಕೆ ಅಂತ ಮಾರುವ ಟ್ರೈಕೋಡರ್ಮಾ 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿಯಾಗಿರಬೇಕು, ಗ್ರಾಮಿಗೆ ಕನಿಷ್ಠ 20 ಲಕ್ಷ ಜೀವಕಣ ಇರಬೇಕು. ಒಂದರಲ್ಲಿ ಗ್ರಾಮಿಗೆ 100, ಇನ್ನೊಂದರಲ್ಲಿ 20 ಲಕ್ಷ. ಇದನ್ನು ನೋಡಿ ಒಂದು ಕೀಳು, ಇನ್ನೊಂದು ಮೇಲು ಅನ್ನಬೇಡಿ, ಜೀವಿಗಳೇ ಬೇರೆ.

ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ ಲೇಪಿಸಿ, ನೆರಳಲ್ಲಿ ಆರಿಸಿ ಬಿತ್ತುವುದು ಕೃಷಿ ಇಲಾಖೆ ಹೇಳುವ ಕ್ರಮ. ಮಣ್ಣಿಗಾದರೆ ಎಕರೆಗೆ ಎರಡು ಎರಡೂವರೆ ಕೆಜಿಯನ್ನು ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರದಲ್ಲಿ ಬೆರೆಸಿ, ತೇವ ಮಾಡಿ, ಗೋಣಿಚೀಲ ಮುಚ್ಚಿ ಒಂದೆರಡು ವಾರ ಇಟ್ಟು ಹಾಕಬೇಕು. ಒಣ ಹೊಲಕ್ಕೆ ಬರೀ ಪುಡಿ ಚೆಲ್ಲಿದರೆ ಏನೂ ಆಗದು. ಇಲ್ಲಿ ಒಂದು ತಪ್ಪನ್ನು ನಾನೇ ಕಣ್ಣಾರೆ ಕಂಡೆ: ಅಂಗಡಿಯವನು ಅದೇ ದಿನ ಕಾಕಾನಿಗೆ ಕಾರ್ಬೆಂಡೈಜಿಮ್ ಪೊಟ್ಟಣವನ್ನೂ ಕೊಟ್ಟಿದ್ದ, 'ಎರಡೂ ಕೂಡಿಸಿ ಬೀಜಕ್ಕ ಹಚ್ರಿ' ಅಂತ. ಶಿಲೀಂಧ್ರ ಕೊಲ್ಲುವ ಔಷಧಿ ಹಚ್ಚಿದ ಮೇಲೆ ಶಿಲೀಂಧ್ರದ ಪುಡಿ! ಆ ಜಾತಿಯ ಔಷಧಿಗಳು ಟ್ರೈಕೋಡರ್ಮಾವನ್ನಷ್ಟೇ ಅಲ್ಲ, ಮೈಕೋರೈಜಾವನ್ನೂ ತಟ್ಟುತ್ತವೆ. ಪ್ರಯೋಗಗಳಲ್ಲಿ ಮೈಕೋರೈಜಾ ಇಲ್ಲದ ಹೊಲ ಬೇಕಾದಾಗ ವಿಜ್ಞಾನಿಗಳು ಬಳಸುತ್ತಿದ್ದುದೇ ಅದರ ಸೋದರ ಬೆನೊಮಿಲ್ ಅನ್ನು.

ಮೈಕೋರೈಜಾ ನೆಟೆಯನ್ನು ತಡೆಯುತ್ತದೆಯೇ? ಕುಂಡದ ಪ್ರಯೋಗಗಳಲ್ಲಿ ಒಳ್ಳೆಯ ಬೇರಿನ ಗಿಡ ಸ್ವಲ್ಪ ಹೆಚ್ಚು ತಾಳಿಕೊಳ್ಳುತ್ತದೆ. ಅಷ್ಟೇ. ನೆಟೆಗೆ ಮೊದಲ ಉತ್ತರ ತಳಿ. ಇಕ್ರಿಸ್ಯಾಟ್ ಆಯ್ಕೆಯ ಮಾರುತಿ, ಆಮೇಲೆ ಕಲಬುರಗಿ ಸಂಶೋಧನಾ ಕೇಂದ್ರದ ಟಿಎಸ್-3ಆರ್, ಇವೆಲ್ಲ ನೆಟೆ ತಡೆಯುವ ಗುಣಕ್ಕಾಗಿಯೇ ಬಂದವು. 'ನೆಟೆ ಬರಲ್ಲ' ಅಂತ ಚೀಲದ ಮೇಲೆ ಬರೆದು ಮೈಕೋರೈಜಾ ಮಾರುವವನು ಗೊಬ್ಬರದ ಪರವಾನಗಿಯಲ್ಲಿ ರೋಗದ ಔಷಧಿ ಮಾರುತ್ತಿದ್ದಾನೆ.

ಇದ್ದದ್ದನ್ನು ಉಪವಾಸ ಕೆಡವಿದವರು ನಾವೇ

ಹೊಲದಲ್ಲಿ ಮೊದಲೇ ಲಕ್ಷಗಟ್ಟಲೆ ಇದ್ದರೆ ತೊಂದರೆ ಯಾಕೆ? ಇರುವುದು ಬೇರೆ, ಕೆಲಸ ಮಾಡುವುದು ಬೇರೆ. ಇದನ್ನು ಅರ್ಥ ಮಾಡಿಸುವ ಪಾಠ ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡಿನಿಂದ ಬರುತ್ತದೆ. ಅಲ್ಲಿಯದೂ ನಮ್ಮಂಥದೇ ಬಿರುಕು ಬಿಡುವ ಕಪ್ಪು ಮಣ್ಣು. ವರ್ಷಕ್ಕೂ ಹೆಚ್ಚು ಕಾಲ ಹೊಲ ಬೀಳುಬಿಟ್ಟು, ತೇವ ಕೂಡಿಸಿ, ಆಮೇಲೆ ಬಿತ್ತಿದರೆ ಬೆಳೆ ಚೆನ್ನಾಗಿ ಬರಬೇಕಿತ್ತು. ಆದರೆ ಸೂರ್ಯಕಾಂತಿ, ಜೋಳ ಗಿಡ್ಡಗಾಗಿ, ರಂಜಕ, ಸತುವಿನ ಕೊರತೆ ತೋರಿಸಿದವು. ಅದಕ್ಕೆ 'ದೀರ್ಘ ಬೀಳು ರೋಗ' ಅಂತಲೇ ಹೆಸರಿತ್ತು. ಜಾನ್ ಥಾಂಪ್ಸನ್ 1987ರಲ್ಲಿ ಕಾರಣ ತೋರಿಸಿದರು: ಜೀವಂತ ಬೇರಿಲ್ಲದೆ ಮೈಕೋರೈಜಾ ಸೊರಗಿಹೋಗಿತ್ತು. ಗೊಬ್ಬರ ಇತ್ತು, ತೇವ ಇತ್ತು, ತಂದುಕೊಡುವವನು ಇರಲಿಲ್ಲ.

ನಮ್ಮಲ್ಲಿ ಜೂನ್ ಜುಲೈಗೆ ತೊಗರಿ ಬಿತ್ತಿ ಡಿಸೆಂಬರ್ ಜನವರಿಗೆ ರಾಶಿ ಮಾಡಿದ ಮೇಲೆ ಐದಾರು ತಿಂಗಳು ಹೊಲ ಬಟಾಬಯಲು. ಬೇಸಿಗೆಯಲ್ಲಿ ಟ್ರ್ಯಾಕ್ಟರ್ ಹೊಡೆದು ಆಳಕ್ಕೆ ಮಗುಚುತ್ತೇವೆ, ತಂತುಗಳ ಜಾಲ ಹರಿಯುತ್ತದೆ. ಇದರಲ್ಲಿ ಒಂದು ಇಕ್ಕಟ್ಟಿದೆ: ನೆಟೆಯ ಕೂಳೆಯನ್ನು ಬಿಸಿಲಿಗೆ ಒಡ್ಡಲು ಮಾಗಿ ಉಳುಮೆ ಬೇಕು ಅನ್ನುತ್ತಾರೆ ರೋಗಶಾಸ್ತ್ರದವರು, ತಂತು ಉಳಿಸಲು ಉಳುಮೆ ಕಡಿಮೆ ಮಾಡಿ ಅನ್ನುತ್ತಾರೆ ಮಣ್ಣಿನವರು. ಇಬ್ಬರೂ ಸರಿ. ನೆಟೆ ಹೊಕ್ಕ ಹೊಲಕ್ಕೆ ಮೊದಲನೆಯದು, ಉಳಿದದ್ದಕ್ಕೆ ಎರಡನೆಯದು ಅನ್ನುವುದು ನನ್ನ ಅಭಿಪ್ರಾಯ.

ಡಿಎಪಿಯದು ಇನ್ನೊಂದು ಕಥೆ. 50 ಕೆಜಿ ಚೀಲದಲ್ಲಿ 9 ಕೆಜಿ ಸಾರಜನಕ, 23 ಕೆಜಿ ರಂಜಕ. ಒಣಬೇಸಾಯದ ತೊಗರಿಗೆ ಎಕರೆಗೆ ಶಿಫಾರಸು ಇರುವುದೇ 10 ಮತ್ತು 20 ಕೆಜಿ, ಅಂದ್ರೆ ಒಂದು ಚೀಲ ಸಾಕು. ನಮ್ಮ ಕಡೆ ಎರಡು ಹಾಕುವವರಿದ್ದಾರೆ, 'ಸರ್ಕಾರಿ ಗೊಬ್ಬರ ಹೆಚ್ಚಾದ್ರ ಏನ್ ಕೆಡ್ತದ' ಅಂತ. ಬೇರಿನ ಹತ್ತಿರವೇ ರಂಜಕ ಧಾರಾಳ ಸಿಕ್ಕರೆ ಗಿಡ ಶಿಲೀಂಧ್ರಕ್ಕೆ ಬಾಡಿಗೆ ಕೊಡುವುದನ್ನು ನಿಲ್ಲಿಸುತ್ತದೆ, ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ. ಎರಡು ಚೀಲ ಡಿಎಪಿ ಮತ್ತು ಒಂದು ಚೀಲ ಮೈಕೋರೈಜಾ ಕೂಡಿಸಿ ಕೊಂಡವನು ಒಂದು ಕೈಯಿಂದ ಬಾಗಿಲು ತೆರೆದು ಇನ್ನೊಂದು ಕೈಯಿಂದ ಚಿಲಕ ಹಾಕಿದಂತೆ.

ಜೋಳದ ಮಾತಿಗೆ ಬಂದರೆ ಕಾಕಾನ ಕಣ್ಣು ಅರಳುತ್ತವೆ. ಅವರ ಅಪ್ಪ ಮುಂಗಾರಿ ಜೋಳದ ನಡುವೆ ತೊಗರಿ ಅಕ್ಕಡಿ ಹಾಕುತ್ತಿದ್ದರು. 2019ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ಕಲಬುರಗಿ ತೊಗರಿಗೆ ಬೆಲೆ ಬಂದ ಮೇಲೆ ತೊಗರಿ ಹಿಂದೆ ತೊಗರಿ, ಅದರ ಹಿಂದೆ ಮತ್ತೆ ತೊಗರಿ ಆಗಿದೆ. ಜೋಳದ ಸಾಲುಗಳ ನಡುವೆ ಬೆಳೆದ ತೊಗರಿಯಲ್ಲಿ ನೆಟೆ ಕಡಿಮೆ ಅಂತ ಇಕ್ರಿಸ್ಯಾಟ್ ಎಂಬತ್ತರ ದಶಕದಲ್ಲೇ ತೋರಿಸಿದೆ. ಅದೇ ಜೋಳದ ಒತ್ತಾದ ಬೇರು ಮೈಕೋರೈಜಾಕ್ಕೆ ಅತ್ಯುತ್ತಮ ಮನೆ. ಒಂದೇ ಕೆಲಸಕ್ಕೆ ಎರಡು ಲಾಭ, ಎಂಟುನೂರು ರೂಪಾಯಿಯೂ ಉಳಿತಾಯ. ಆದರೆ ಜೋಳ ಕೊಯ್ಯಲು ಆಳು ಸಿಗುವುದಿಲ್ಲ, ಹಕ್ಕಿ ಕಾಯುವವರಿಲ್ಲ, ಬೆಲೆಯೂ ತೊಗರಿಯಷ್ಟಿಲ್ಲ. ನನ್ನಂಥ ಪೇಟೆಯವನು ಜೋಳ ಹಾಕ್ರಿ ಅಂತ ಸುಲಭವಾಗಿ ಹೇಳಬಹುದು.

ಪುಡಿ ನಿಜಕ್ಕೂ ಬೇಕಾಗುವ ಜಾಗ

ಒಂದು ಕಡೆ ಮಾತ್ರ ನಮ್ಮ ರೈತರೂ ಕೆನಡಾದವರ ಸ್ಥಿತಿಯಲ್ಲೇ ಇದ್ದಾರೆ: ನಾಟಿ ತೊಗರಿ. ಮೇ ತಿಂಗಳಲ್ಲಿ ಸಣ್ಣ ಪ್ಲಾಸ್ಟಿಕ್ ಚೀಲಗಳಲ್ಲಿ ಬೀಜ ಹಾಕಿ, ಸುಮಾರು ಒಂದು ತಿಂಗಳ ಸಸಿಯನ್ನು ಮಳೆ ಬಿದ್ದ ಮೇಲೆ ಅಗಲ ಅಂತರದಲ್ಲಿ ನೆಡುವ ಪದ್ಧತಿ ಬೀದರ, ಕಲಬುರಗಿ ಕಡೆ ಹರಡಿದೆ. ಚೀಲದಲ್ಲಿರುವ ಮಣ್ಣು ಅಂಗೈಯಷ್ಟು, ಎಷ್ಟೋ ಸಲ ನಾರಿನ ಪುಡಿ. ಅಲ್ಲಿ ಐದು ಗ್ರಾಂ ಪುಡಿಯನ್ನು ಬೀಜದ ಎರಡು ಇಂಚು ಕೆಳಗೆ ಹಾಕಿದರೆ ಆ ಒಂದು ಸಸಿಗೆ 500 ಕಣ. ಹೊಲಕ್ಕೆ ಹೋಗುವ ಮೊದಲೇ ಬೇರು ತುಂಬಿರುತ್ತದೆ. ಆದರೆ ಎಕರೆಗೆ ಮೂರು ಸಾವಿರ ಸಸಿ ಅಂದ್ರೆ 15 ಕೆಜಿ ಪುಡಿ, ಕಾಕಾ ಕೊಟ್ಟ ಬೆಲೆಯಲ್ಲಿ ಮೂರು ಸಾವಿರ ರೂಪಾಯಿ.

ಆದ್ದರಿಂದ ಮನೆಯಲ್ಲೇ ಬೆಳೆಸಿಕೊಳ್ಳುವುದು ವಾಸಿ. ನಂಬಿಕೆಯ ಕಡೆಯಿಂದ, ಕೃಷಿ ವಿಶ್ವವಿದ್ಯಾಲಯದ್ದಾದರೆ ಒಳ್ಳೆಯದು, ಒಂದೆರಡು ಕೆಜಿ ಬೀಜಪುಡಿ ತರಬೇಕು. ಅರ್ಧ ಅಡಿ ಆಳದ ಗುಂಡಿಗೆ ಪ್ಲಾಸ್ಟಿಕ್ ಹಾಸಿ, ಮರಳು ಮಿಶ್ರಿತ ಮಣ್ಣು ತುಂಬಿ, ಪುಡಿಯನ್ನು ತೆಳುವಾಗಿ ಹರಡಿ ಮೇಲೆ ಜೋಳ ಅಥವಾ ಮೆಕ್ಕೆಜೋಳ ಒತ್ತಾಗಿ ಬಿತ್ತಬೇಕು. ರಂಜಕದ ಗೊಬ್ಬರ ಬೇಡ. ಐವತ್ತು ಅರವತ್ತು ದಿನದ ಮೇಲೆ ನೀರು ನಿಲ್ಲಿಸಿದರೆ ಗಿಡ ಬಾಡುವಾಗ ಶಿಲೀಂಧ್ರ ಬೀಜಕ ಕಟ್ಟುತ್ತದೆ. ಮೇಲಿನದನ್ನು ದನಕ್ಕೆ ಹಾಕಿ, ಬೇರು ಸಮೇತ ಮಣ್ಣನ್ನು ನೆರಳಲ್ಲಿ ಒಣಗಿಸಿ, ಬೇರು ಕತ್ತರಿಸಿ ಬೆರೆಸಿಟ್ಟುಕೊಂಡರೆ ಅದೇ ಪುಡಿ. ಒಂದು ಎಚ್ಚರಿಕೆ, ಇದನ್ನು ಮರೆತರೆ ಮಾಡಿದ್ದೆಲ್ಲ ತಿರುಗುಬಾಣ: ನೆಟೆ ಬಂದ ಹೊಲದ ಮಣ್ಣನ್ನು ಗುಂಡಿಗೆ ತರಬಾರದು. ಫ್ಯುಸೇರಿಯಂ, ಬೇರುಗಂಟು ಹುಳುಗಳನ್ನೂ ನಾವೇ ಬೆಳೆಸಿ ಪ್ರತಿ ಸಸಿಗೂ ಹಂಚಿದಂತಾಗುತ್ತದೆ.

ಹತ್ತಿತೋ ಇಲ್ಲವೋ ನೋಡುವುದು ಹೇಗೆ? ಮೈಕೋರೈಜಾ ಹೊಕ್ಕ ಬೇರು ಬರಿಗಣ್ಣಿಗೆ ಉಳಿದ ಬೇರಿನ ಹಾಗೇ ಕಾಣುತ್ತದೆ. ಚೀಲದ ಮೇಲಿನ ಬಿಳಿ ಜೇಡರಬಲೆ ಬರೀ ಚಿತ್ರ. ಆದರೆ 1998ರಲ್ಲಿ ಪ್ರಕಟವಾದ ಒಂದು ಅಗ್ಗದ ವಿಧಾನ ಇದೆ, ಶಾಯಿ ಮತ್ತು ವಿನೆಗರ್‌ನದು. ಎಳೆ ಬೇರನ್ನು ತೊಳೆದು, ಶೇ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಕುದಿಸಿ ಬೆಳ್ಳಗೆ ಮಾಡಿ, ಚೆನ್ನಾಗಿ ತೊಳೆದು, ನೂರು ಪಾಲು ವಿನೆಗರ್‌ಗೆ ಐದು ಪಾಲು ಕಪ್ಪು ಪೆನ್ ಶಾಯಿ ಬೆರೆಸಿ ಮೂರು ನಿಮಿಷ ಕುದಿಸಬೇಕು. ಆಮೇಲೆ ನಾಲ್ಕು ಹನಿ ವಿನೆಗರ್ ಹಾಕಿದ ನೀರಲ್ಲಿ ಇಟ್ಟರೆ ಬೇರಿನ ಬಣ್ಣ ಬಿಟ್ಟು ಶಿಲೀಂಧ್ರದ್ದು ಉಳಿಯುತ್ತದೆ. ಹೈಸ್ಕೂಲಿನ ಸೂಕ್ಷ್ಮದರ್ಶಕದಲ್ಲಿ ನೀಲಿ ದಾರಗಳೂ ಮೊಟ್ಟೆಯಾಕಾರದ ಉಬ್ಬುಗಳೂ ಕಾಣುತ್ತವೆ. ಆ ಹೈಡ್ರಾಕ್ಸೈಡ್ ಚರ್ಮ ಸುಡುತ್ತದೆ, ಹಾಗಾಗಿ ಅಡುಗೆಮನೆಯಲ್ಲಿ ಬೇಡ, ವಿಜ್ಞಾನದ ಮೇಷ್ಟ್ರ ಎದುರು ಮಾಡುವ ಕೆಲಸ.

ಇಷ್ಟನ್ನೂ ಕಾಕಾನಿಗೆ ಎರಡು ಸಂಜೆ ಕೂತು ಹೇಳಿದೆ. ಗಾಂಜಾದ ಭಾಗ ಕೇಳಿ ನಕ್ಕರು, 'ಅವರಿಗಿ ಡಬ್ಬಿ ಮಣ್ಣು, ನಮಗ ಎರಿ ಮಣ್ಣು, ಅದಕ್ಕ ಹಿಂಗ' ಅಂತ ನನಗಿಂತ ಚಿಕ್ಕದಾಗಿ ಹೇಳಿ ಮುಗಿಸಿದರು. ಚೀಲ ವಾಪಸ್ ತಗೊಳ್ಳಲು ಅಂಗಡಿಯವನು ಒಪ್ಪಲಿಲ್ಲ. ಈಗ ಹಂಚಿಕೆ ಹೀಗಾಗಿದೆ: ಡಿಎಪಿ ಎಕರೆಗೆ ಒಂದೇ ಚೀಲ, ಕಾರ್ಬೆಂಡೈಜಿಮ್ ಪೊಟ್ಟಣ ಕಪಾಟಿನಲ್ಲಿ, ಬೀಜಕ್ಕೆ ಟ್ರೈಕೋಡರ್ಮಾ, ಬಾಂದಿನ ಕಡೆಯ ಅರ್ಧ ಎಕರೆಯಲ್ಲಿ ಜೋಳದ ಸಾಲು. ಚೀಲದ ಪುಡಿಯನ್ನು ನಾಲ್ಕು ಸಾಲಿಗೆ ಮಾತ್ರ ಬೀಜದ ಕೆಳಗೆ ಬಿಟ್ಟು, ಪಕ್ಕದ ನಾಲ್ಕು ಸಾಲು ಹಾಗೇ ಬಿಟ್ಟಿದ್ದಾರೆ, ಗುರುತಿಗೆ ಜಾಲಿ ಗೂಟ ಹುಗಿದಿದ್ದಾರೆ. ಸೆಪ್ಟೆಂಬರಿನಲ್ಲಿ ಎರಡೂ ಕಡೆಯ ಬೇರು ತೆಗೆದು ಊರ ಹೈಸ್ಕೂಲಿಗೆ ಒಯ್ಯುವುದು ಅಂತ ಮಾತಾಗಿದೆ. 'ಶಾಯಿ ನೀ ತಗೊಂಡ್ ಬಾ ತಮ್ಮಾ,' ಅಂದರು, 'ಗೂಟ ಯಾರೂ ಕಿತ್ಕೊಂಡ್ ಹೋಗದಂಗ ನಾ ನೋಡ್ಕೋತೀನಿ.'